ಮಹಬೂಬೀ ಕೊಟ್ಟ ಕಫದ ಡಬ್ಬಿ

ಖಾರದ ಪುಡಿ ಮಾರುವ ಮನೆಯಲ್ಲಿ ಕೆಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ೧೯೭೯ರಲ್ಲಿ ಮಾನ್ವಿಯ ಬಜಾರಿನಲ್ಲಿ ಜಿಲಾನಿ ಪಾಷಾನ ಖಾರದ ಪುಡಿಯ ಅಂಗಡಿ ಇತ್ತು. ಹೆಂಡತಿ ಮಹಬೂಬೀ ಮನೆಯಲ್ಲಿ ಮೆಣಸಿನಕಾಯಿ ಕುಟ್ಟಿ, ಜರಡಿ ಹಿಡಿದು ಕೊಡುತ್ತಿದ್ದಳು. ಎರಡು ತಿಂಗಳಿಂದ ಅವಳಿಗೆ ಕೆಮ್ಮು. ಯಾರು ಕೇಳಿದರೂ ಗಂಡನದು ಒಂದೇ ಉತ್ತರ: "ಘಾಟು ರೀ. ಸ್ವಲ್ಪ ದಮ್ಮು ಅದ, ಅಷ್ಟ."

ನಮ್ಮ ಕಡೆ ಈ ದಮ್ಮು ಎಂಬ ಮಾತು ಎಲ್ಲರ ಕಾಲಿಗೂ ಆಗುವ ಚಪ್ಪಲಿ. ಉಸಿರು ಕಟ್ಟಿದರೂ ದಮ್ಮು, ಎದೆ ನೊಂದರೂ ದಮ್ಮು, ಕಫ ಬಿದ್ದರೂ ದಮ್ಮು. ರೋಗದ ಹೆಸರು ತಪ್ಪಿದರೆ ಔಷಧವೂ ದಾರಿ ತಪ್ಪುತ್ತದೆ.

ಪಕ್ಕದ ಓಣಿಯ ಕನಕಮ್ಮ ಸರ್ಕಾರಿ ದವಾಖಾನೆಯಲ್ಲಿ ನರ್ಸು. ಅವಳ ಒತ್ತಾಯಕ್ಕೆ ಮಹಬೂಬೀ ಹದಿನೈದು ದಿನದ ಹಿಂದೆ ಕಫದ ಪರೀಕ್ಷೆ ಮಾಡಿಸಿದ್ದಳು. ಏನೂ ಇಲ್ಲ ಎಂದು ಚೀಟಿ ಬಂದಿತ್ತು. ಮಹಬೂಬೀಗೆ ಹೋದ ಜೀವ ಬಂದಂತಾಗಿತ್ತು. ರಾಯಚೂರಿಗೆ ಕೊಟ್ಟ ಒಬ್ಬಳೇ ಮಗಳು ಜಾಹೆದಾಗೆ ಆಗ ಏಳು ತಿಂಗಳು. ಮುಂದಿನ ವಾರ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು.

ಒಂದು ದಿನ ಖಾರದ ಪುಡಿಗೆಂದು ಮನೆಗೆ ಬಂದ ಕನಕಮ್ಮ ಬಾಗಿಲಲ್ಲೇ ನಿಂತು ಮಹಬೂಬೀಯ ಕೈ ನೋಡಿದಳು. ಬಿಗಿಯಾಗಿದ್ದ ಬಳೆಗಳು ಈಗ ಮೊಣಕೈವರೆಗೂ ಜಾರುತ್ತಿದ್ದವು.

"ಮಹಬೂಬೀ, ಸಂಜಿಮುಂದ ಮೈ ಬೆಚ್ಚಗ ಆಗ್ತದೇನು?"

"ಒಲಿ ಮುಂದ ಕುಂತವರಿಗೆ ಬೆಚ್ಚಗ ಆಗಲಾರದ ಏನಾಗ್ತದ್ರಿ?"

"ರಾತ್ರಿ ಬೆವರು? ಊಟ ಸೇರ್ತದೇನು?"

ಮಹಬೂಬೀ ತಲೆ ತಗ್ಗಿಸಿ ಜರಡಿ ಆಡಿಸತೊಡಗಿದಳು. ಪುಡಿ ಒಯ್ಯಲು ಅಂಗಡಿಯಿಂದ ಬಂದಿದ್ದ ಜಿಲಾನಿ ಪಾಷಾನೇ ಬಾಯಿ ಹಾಕಿದ. "ನರ್ಸಮ್ಮಾ, ಚೀಟಿ ಸಾಫ್ ಬಂದದಲ್ಲ. ಇದು ದಮ್ಮು ಅದ."

"ಪಾಷಾ, ದಮ್ಮಿನಾಗ ಉಸಿರು ಸುಂಯ್ ಸುಂಯ್ ಅಂತದ, ಬರ್ತದ, ಹೋಗ್ತದ. ಅದಕ್ಕ ಅಸ್ತಮಾ ಅಂತಾರ. ನ್ಯುಮೋನಿಯಾ ಆದ್ರ ಒಮ್ಮಿಗೇ ಜ್ವರ ಏರಿ, ಉಸಿರು ಬಿರುಸು ಆಗ್ತದ. ಇಕಿದು ಎರಡೂ ಅಲ್ಲ. ವಾರಗಟ್ಟಲೆ ಕೆಮ್ಮು, ಸಂಜಿ ಜ್ವರ, ಮೈ ಇಳಿಯಾಕತ್ತದ. ಮಹಬೂಬೀ, ಆವತ್ತು ಡಬ್ಬಿಯೊಳಗ ಕಫ ಹೆಂಗ ಕೊಟ್ಟಿ, ಹೇಳು."

ಮಹಬೂಬೀ ಹೆಮ್ಮೆಯಿಂದಲೇ ಹೇಳಿದಳು. "ಹಲ್ಲು ತಿಕ್ಕಿದೆ. ಖಾಕರಿಸಿ ಎದಿಯಾಗಿಂದೆಲ್ಲ ಬಚ್ಚಲಕ್ಕ ಉಗುಳಿದೆ. ಮೂರು ಸಲ ಬಾಯಿ ಮುಕ್ಕಳಿಸಿ, ಆಮ್ಯಾಲ ಸ್ವಚ್ಛ ಉಗುಳು ಕೊಟ್ಟೀನ್ರಿ. ಡಾಕ್ಟರ್ ಸಾಹೇಬ್ರ ಕೈಗೆ ಗಲೀಜು ಕೊಡ್ಲೇನು?"

ಕನಕಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡು ನಕ್ಕುಬಿಟ್ಟಳು. "ಯವ್ವಾ, ಕಳ್ಳನ್ನ ಹಿತ್ತಲ ಬಾಗಿಲಿನಿಂದ ಕಳಿಸಿ, ಪೊಲೀಸರಿಗೆ ಖಾಲಿ ಮನಿ ತೋರಿಸೀ. ಬಾಯಾಗಿಂದು ಉಗುಳು, ಎದಿಯಾಗಿಂದು ಕಫ. ಕ್ಷಯದ ರೋಗಾಣು ಸಿಗೋದು ಕಫದಾಗ."

ಮಹಬೂಬೀಯ ಕಣ್ಣು ತುಂಬಿತು. "ಕ್ಷಯ ಅಂತ ಹೆಸರು ಬಿತ್ತಂದ್ರ ಬೀಗರು ಮಗಳನ್ನ ಕಳಿಸ್ತಾರೇನ್ರಿ?"

"ಈಗ ಅಕಿ ಬರಬಾರದು. ನೀ ಮುಚ್ಚಿಟ್ಟು ಕರಿಸಿದ್ರ ಬಸುರಿ ಮಗಳಿಗೂ ಅಂಟಬಹುದು, ಹುಟ್ಟೋ ಕೂಸಿಗೂ ಅಂಟಬಹುದು. ಔಷಧ ತಗೊಂಡ್ರ ವಾಸಿ ಆಗೋ ರೋಗ ಇದು."

ಈ ಮಾತಿನ ಮೇಲೆ ಜಿಲಾನಿ ಪಾಷಾ ದಮ್ಮಿನ ಹೆಸರೆತ್ತಲಿಲ್ಲ. ಮರುದಿನ ಮಹಬೂಬೀ ಎದ್ದ ಕೂಡಲೇ ಹೊರಗಿನ ಅಂಗಳಕ್ಕೆ ಬಂದು, ಉಸಿರು ಆಳಕ್ಕೆ ಎಳೆದು, ಎದೆಯಿಂದ ಕೆಮ್ಮಿ ಕಫ ಕೊಟ್ಟಳು. ಕ್ಷಯ ಇರುವುದು ಖಾತ್ರಿಯಾಯಿತು. ಅಂದಿನಿಂದಲೇ ಚುಚ್ಚುಮದ್ದು, ಗುಳಿಗೆ ಶುರುವಾದವು. ಗಂಡನ ಎದೆಯನ್ನೂ ಡಾಕ್ಟರು ಪರೀಕ್ಷಿಸಿದರು, ತೊಂದರೆ ಇರಲಿಲ್ಲ.

ಜಿಲಾನಿ ಪಾಷಾ ರಾಯಚೂರಿನ ಬಸ್ಸು ಹತ್ತಿ ಹೋಗಿ ಬೀಗಿತ್ತಿ ಖಾಸಿಂ ಬೀಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಕೆ ನೀರಿನ ತಂಬಿಗೆಯನ್ನು ಅವನ ಮುಂದಿಟ್ಟಳು. "ನಿಜ ಹೇಳಿ ಚಲೋ ಮಾಡಿದ್ರಿ. ಬಾಣಂತನ ನಾನೇ ಮಾಡ್ತೀನಿ. ಬೀಗಿತ್ತಿಗೆ ಔಷಧ ಬಿಡಬ್ಯಾಡ ಅನ್ರಿ."

ತವರಲ್ಲಿ ಆಗಬೇಕಿದ್ದ ಚೊಚ್ಚಲ ಬಾಣಂತನ ಕೈತಪ್ಪಿತೆಂದು ಮಹಬೂಬೀ ಎರಡು ದಿನ ಅತ್ತಳು. ಆದರೆ ಗುಳಿಗೆ ಒಂದನ್ನೂ ತಪ್ಪಿಸಲಿಲ್ಲ. ಮೆಣಸಿನಕಾಯಿ ಕುಟ್ಟುವುದನ್ನು ಬಿಟ್ಟಳು. ಕೆಮ್ಮುವಾಗ ಬಾಯಿಗೆ ಸೆರಗು ಹಿಡಿದಳು, ಮುಚ್ಚಳದ ಡಬ್ಬಿಯಲ್ಲೇ ಉಗುಳಿ ಸುಟ್ಟು ಹಾಕಿದಳು. ತಿಂಗಳೊಳಗೆ ಹಸಿವು ಬಂತು, ರೊಟ್ಟಿ ಎರಡಿದ್ದದ್ದು ನಾಲ್ಕಾಯಿತು. ಗಂಡು ಮಗು ಹುಟ್ಟಿದ ಸುದ್ದಿ ಬಂದಾಗಲೂ ಮನೆಯಲ್ಲೇ ಇದ್ದು ಸಂಕಟ ನುಂಗಿದಳು. ಔಷಧ ಶುರುವಾಗಿ ಮೂರು ತಿಂಗಳು ತುಂಬಿ, ಕಫದಲ್ಲಿ ರೋಗಾಣು ಇಲ್ಲವೆಂದು ಡಾಕ್ಟರು ಬರೆದುಕೊಟ್ಟ ಮೇಲೆಯೇ ಅವಳು ಬಸ್ಸು ಹತ್ತಿದ್ದು.

ಖಾಸಿಂ ಬೀ ಗಟ್ಟಿ ಹೆಂಗಸು. ಮೊದಲು ಚೀಟಿಯನ್ನು ಸೊಸೆಯಿಂದ ಓದಿಸಿದಳು. ಕೂಸಿಗೆ ಬಿ.ಸಿ.ಜಿ. ಚುಚ್ಚುಮದ್ದು ಆಗಿದೆ ಎಂದು ತಾನೂ ತಿಳಿಸಿದಳು. ಆಮೇಲೆ ತೊಟ್ಟಿಲಿಂದ ಮೊಮ್ಮಗನನ್ನು ಎತ್ತಿ ಮಹಬೂಬೀಯ ಮಡಿಲಿಗೆ ಹಾಕಿ, "ಹಿಡೀರಿ, ನಿಮ್ಮ ಪಾಲು," ಎಂದಳು. ಮಹಬೂಬೀ ಸಂಜೆಯವರೆಗೂ ಮಗುವನ್ನು ಕೆಳಗಿಳಿಸಲಿಲ್ಲ. ಅವಳಿಗೆ ಆದ ಸಂತೋಷ ಹೇಳತೀರದು. ಆ ಸಂತೋಷದಲ್ಲೂ ಅವತ್ತಿನ ಗುಳಿಗೆ ಮರೆಯಲಿಲ್ಲ, ಒಂದೂವರೆ ವರ್ಷದ ಔಷಧವನ್ನು ಪೂರ್ತಿ ಮುಗಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಎರಡು ವಾರ ದಾಟಿದ ಕೆಮ್ಮಿಗೆ ನೀವೇ ಹೆಸರಿಡಬೇಡಿ. ಕೆಮ್ಮು ಎಷ್ಟು ದಿನದ್ದು, ಜ್ವರ ಯಾವಾಗ, ಕಫದಲ್ಲಿ ರಕ್ತ ಇದೆಯೇ ಎಂಬುದನ್ನು ದವಾಖಾನೆಯಲ್ಲಿ ಬಿಚ್ಚಿ ಹೇಳಿ. ಡಬ್ಬಿ ಕೊಟ್ಟರೆ ನಾಚದೆ ಎದೆಯಿಂದ ಕೆಮ್ಮಿ ಕೊಡಿ. ಮನೆಯ ಕೂಸನ್ನು ಹೆದರದೆ ಎತ್ತಿಕೊಳ್ಳಬೇಕು ಎನ್ನುವವರು ನಾಳೆ ಬೆಳಿಗ್ಗೆಯೇ ದವಾಖಾನೆಗೆ ಹೊರಡಿ.