ಕೆಳಗಿನಿಂದ ಓಗೊಡುವ ದನಿ

ಭೂಕಂಪ ಸಂಸ್ಥೆಯ ನೆಲಮಾಳಿಗೆಯಲ್ಲಿ ಬೆಳಗ್ಗೆ ತಣ್ಣಗೆ ಕೂತ ಕಂಪ್ಯೂಟರುಗಳನ್ನು ಒಂದೊಂದಾಗಿ ಎಬ್ಬಿಸುತ್ತಿದ್ದ ಜಾನಿಲ್‌ಗೆ ಮೇಲಿನ ಸಭಾಂಗಣದ ನಗು ಕೇಳಿಸಿತು. ಅಲ್ಮಾಟಿಯ ಬೆಟ್ಟದ ಬಂಡೆಯೊಳಗೆ ಭೂಕಂಪದ ಅಲೆ ಹೇಗೆ ಹರಿಯುತ್ತದೆಂಬ ದೊಡ್ಡ ಲೆಕ್ಕವನ್ನು ಅವಳು ತುಂಡು ಮಾಡಿ ಇವುಗಳಿಗೆ ಹಂಚಿದ್ದಳು. ಮೇಲಿನ ಕೋಣೆಯ ಕಂಪ್ಯೂಟರಿನಿಂದ ಲೆಕ್ಕದ ಹೆಸರು ಹಿಡಿದು ಕರೆದರೆ ಸಾಕು, ಎಲ್ಲವೂ ಒಟ್ಟಿಗೆ ದುಡಿದು ಜಾಲದ ಮೂಲಕ ಇಲ್ಲಿಂದಲೇ ಓಗೊಡುತ್ತಿದ್ದವು. ಮನೆಯಲ್ಲಿ ಕೂಗಿ ಕರೆದಾಗಿನಂತೆ, ಓಗೊಟ್ಟವರು ಅಡುಗೆಮನೆಯಲ್ಲಿದ್ದಾರೋ ಹಿತ್ತಲಲ್ಲಿದ್ದಾರೋ ಎಂಬುದು ಕರೆದವರಿಗೆ ಗೊತ್ತೇ ಆಗುತ್ತಿರಲಿಲ್ಲ. ಇಷ್ಟು ಕಟ್ಟುವುದರಲ್ಲಿ ಅವಳ ತಲೆ ಅರ್ಧ ನರೆತಿತ್ತು.

ಅತಿಥಿಗಳಿಗೆಂದು ಚಹಾ ಹಿಡಿದು ಮೇಲೆ ಹೋದಳು. ಬಾಗಿಲು ಅರೆ ತೆರೆದಿತ್ತು.

"ಇಷ್ಟನ್ನೂ ನೀನೊಬ್ಬಳೇ ಮಾಡಿದ್ಯೇನಮ್ಮಾ?" ರಾಜಧಾನಿಯಿಂದ ಬಂದ ಅಧಿಕಾರಿ ಕೇಳುತ್ತಿದ್ದರು.

"ಒಬ್ಬಳೇ, ಅಗಾಯ್. ಕೆಳಗೆ ಜಾನಿಲಕ್ಕ ಇದಾರೆ. ಯಂತ್ರ ನೋಡ್ಕೋತಾರೆ, ಧೂಳು ಒರೆಸ್ತಾರೆ."

ಹಿರಿಯರಿಗೆ ಸಲ್ಲುವ 'ಅಗಾಯ್' ಎಂಬ ಗೌರವವನ್ನೂ ಮರೆಯದ ರೈಖಾನಳ ದನಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇರಲು ಜಾಗವಿಲ್ಲದೆ ಜಾನಿಲಳ ಮನೆಯಲ್ಲೇ ಉಂಡು ಮಲಗಿದ್ದವಳು. ಈ ಕೆಲಸದಲ್ಲಿ ಪರದೆಯ ಬಣ್ಣ, ಗುಂಡಿಗಳಷ್ಟೇ ಅವಳದು.

ಜಾನಿಲ್ ಒಳಗೆ ಹೋಗಿ ಎಲ್ಲರಿಗೂ ಚಹಾ ಬಗ್ಗಿಸಿದಳು. ಅಲ್ಲಿನ ರೂಢಿಯಲ್ಲಿ ಬಟ್ಟಲು ತುಂಬಿ ಕೊಟ್ಟರೆ ಎದ್ದು ಹೋಗೆಂದು ಅರ್ಥ. ರೈಖಾನಳ ಬಟ್ಟಲಿಗೆ ಬಗ್ಗಿಸುವಾಗ ಕೈ ಒಂದು ಗಳಿಗೆ ತಡೆಯಿತು. ಆದರೂ ಮನೆಯವರಿಗೆ ಕೊಡುವಂತೆ ಅರ್ಧಕ್ಕೇ ನಿಲ್ಲಿಸಿದಳು.

ಆಮೇಲೆ ಮೊಗಸಾಲೆಯಲ್ಲಿ ರೈಖಾನ್ ಅವಳ ತೋಳು ಹಿಡಿದುಕೊಂಡಳು. "ಮುನಿಸೇನಕ್ಕ? ದೊಡ್ಡವರಿಗೆ ಎರಡು ಹೆಸರು ಹೇಳಿದ್ರೆ ಒಂದೂ ನೆನಪಿರಲ್ಲ."

"ನಿಂದು ನೆನಪಿರತ್ತೆ ಬಿಡು."

"ಅಯ್ಯೋ, ಚುಚ್ಚಬೇಡಿ. ಸೋಮವಾರ ರಾಜಧಾನೀಲಿ ಮಂತ್ರಿಗಳ ಮುಂದೆ ತೋರಿಸ್ಬೇಕಂತೆ. ಅಲ್ಲಿ ಹೊರಗಿನ ಜಾಲಕ್ಕೆ ಸೇರಿಸೋಕೆ ಬಿಡಲ್ವಂತೆ. ಬಿಡದಿದ್ರೆ ಬೇಡ, ಎಲ್ಲಾ ಲ್ಯಾಪ್‌ಟಾಪಿಗೆ ಹಾಕ್ಕೊಂಡಿದೀನಿ. ವಾರದಿಂದ ನನ್ನ ಮೇಜಿನ ಮೇಲೆ ಓಡಿಸ್ತಿದೀನಿ, ಒಂದ್ಸಲಾನೂ ತಪ್ಪಿಲ್ಲ."

ಜಾನಿಲ್ ಅವಳ ಮುಖವನ್ನೇ ನೋಡಿದಳು. ಹುಡುಗಿ ಲ್ಯಾಪ್‌ಟಾಪಿನಲ್ಲಿ ಹೊತ್ತುಕೊಂಡಿದ್ದು ಕರೆಯುವ ಬಾಯಿಯನ್ನು ಮಾತ್ರ. ವಾರವಿಡೀ ಜಾಲದ ಮೂಲಕ ಅದಕ್ಕೆ ಓಗೊಟ್ಟಿದ್ದು ಈ ಕಟ್ಟಡದ ನೆಲಮಾಳಿಗೆಯ ಯಂತ್ರಗಳು. ಅಷ್ಟು ದೂರ ಹೋಗಿ, ಅಷ್ಟು ಜನರೆದುರು ಹೆಸರು ಹಿಡಿದು ಕರೆದಾಗ ಓಗೊಡಲು ಅಲ್ಲಿ ಯಾರೂ ಇರುವುದಿಲ್ಲ. ಕೆಳಗಿನ ಲೆಕ್ಕವನ್ನೂ ಜೊತೆಗೆ ಕಟ್ಟಿಕೋ ಎಂಬ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಚಳಿ ಜಾಸ್ತಿ ಅಲ್ಲಿ," ಎಂದಳು. "ದಪ್ಪ ಕೋಟು ಇಟ್ಕೋ."

ಮೆಟ್ಟಿಲಿಳಿಯುವಾಗ ಮನಸ್ಸು ಗಟ್ಟಿಯಾಗಿತ್ತು. ಸೋಮವಾರದವರೆಗೂ ಅವಳು ಆ ಮಾತನ್ನು ಆಡುವುದಿಲ್ಲ.