ಚಕ್ರ ಕಾಣಬಾರದು

ಬಟ್ಟೆ ಕಟ್ಟುವ ಕೆಲಸದಲ್ಲಿ ನನ್ನ ಮೇಲೆ ದೂರು ಬಂದದ್ದೇ ಇಲ್ಲ. ನ್ಯಾಮತಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಶಾಮಿಯಾನದ ಕೊಟ್ರೇಶ್ ಅಂದರೆ ಮನೆವರೆಗೂ ಬಂದು ತೋರಿಸುತ್ತಾರೆ. ಇಪ್ಪತ್ತಾರು ವರ್ಷಗಳಲ್ಲಿ ಮದುವೆ, ನಾಮಕರಣ, ತಿಥಿ, ಚುನಾವಣೆ ಸಭೆ ಎಲ್ಲಕ್ಕೂ ಕಟ್ಟಿದ್ದೇನೆ. ಎಂಥ ಗಾಳಿಗೂ ನನ್ನ ಪೆಂಡಾಲು ಹಾರಿದ್ದಿಲ್ಲ. ಇದನ್ನೆಲ್ಲ ಜಂಬಕ್ಕೆ ಹೇಳುತ್ತಿಲ್ಲ. ಜಂಬ ಇತ್ತು, ಅದರಿಂದಲೇ ಕೆಟ್ಟೆ. ಹೇಳಬೇಕಾದ್ದು ಅದನ್ನೇ.

ಯುಗಾದಿ ಕಳೆದು ಎರಡು ವಾರ ಆಗಿತ್ತು. ಬೆಳಿಗ್ಗೆ ಏಳಕ್ಕೆ ಪ್ರವೀಣ್ ಕುಮಾರ್ ಫೋನ್ ಮಾಡಿದ. ಸಾಸ್ವೆಹಳ್ಳಿ ಹತ್ತಿರ ಹೊಳೆದಂಡೆಯಲ್ಲಿ ಅವನದೊಂದು ಕ್ಯಾಂಪ್ ಇದೆ. ಊರಿಂದ ಬಂದವರು ಡೇರೆ ಹಾಕಿಕೊಂಡು ಎರಡು ದಿನ ಇದ್ದು ಹೋಗುತ್ತಾರೆ. ಗೇಟಿನಲ್ಲಿ ದೊಡ್ಡ ಬೋರ್ಡು: ಡೇರೆಗಳಿಗೆ ಮಾತ್ರ ಅವಕಾಶ, ವಾಹನ ನಿಲ್ಲಿಸುವಂತಿಲ್ಲ. ಆ ಷರತ್ತಿನ ಮೇಲೆಯೇ ಅವನ ಅನುಮತಿ ಉಳಿದಿತ್ತು. ಮೊದಲು ಕ್ಯಾರವಾನ್‌ಗಳೂ ಬರುತ್ತಿದ್ದವಂತೆ. ಮಂಚ, ಒಲೆ, ಕಕ್ಕಸು ಎಲ್ಲ ಒಳಗೇ ಇರುವ ಗಾಲಿ ಮನೆಗಳು. ಅದರಲ್ಲೊಬ್ಬ ಪುಣ್ಯಾತ್ಮ ಕಕ್ಕಸಿನ ತೊಟ್ಟಿಯನ್ನು ಹೊಳೆಗೇ ಬಿಟ್ಟು ಹೋದ. ಕೆಳಗಿನ ಹಳ್ಳಿಯವರು ಕುಡಿಯುವ ನೀರು ಅದು. ಜಗಳವಾಯಿತು, ಬೋರ್ಡು ಬಂತು. ಕ್ಯಾರವಾನ್ ತಂದವರು ರಸ್ತೆಯಾಚೆಗಿನ ಬಯಲಿನಲ್ಲಿ ನಿಲ್ಲಿಸಬೇಕು. ಅಲ್ಲಿ ಒಂದು ಮರವೂ ಇಲ್ಲ.

ಈಗ ಪ್ರವೀಣನ ಕ್ಯಾಂಪಿನಲ್ಲಿ, ಹೊಳೆಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ಅಂಥದ್ದೇ ಒಂದು ಕ್ಯಾರವಾನ್ ನಿಂತಿತ್ತು. ತಂದವನು ಅವನ ಸ್ನೇಹಿತ ರಂಗನಾಥ್. ಜೊತೆಗೆ ಮೂರು ತಿಂಗಳ ಬಾಣಂತಿ ಹೆಂಡತಿ ದುರ್ಗಾಂಬಿಕಾ, ಕೂಸು, ಜಗಳೂರಿನಿಂದ ಬಂದ ಹೆಂಡತಿಯ ತಾಯಿ ಕಸ್ತೂರಮ್ಮ. ಮಾರನೆಯ ಬೆಳಿಗ್ಗೆ ಹೊಳೆಯಲ್ಲಿ ಬಾಣಂತಿಯಿಂದ ಗಂಗೆಪೂಜೆ ಮಾಡಿಸಬೇಕಿತ್ತು. ಅವತ್ತೇ ಮಧ್ಯಾಹ್ನ, ಅನುಮತಿ ಕೊಟ್ಟ ಕಚೇರಿಯವರು ತಪಾಸಣೆಗೆ ಬರುತ್ತಾರೆಂದು ಪ್ರವೀಣನಿಗೆ ಸುದ್ದಿ ಬಂದಿತ್ತು. ಗಾಡಿ ಆಚೆ ತೆಗಿ ಅಂದರೆ ರಂಗನಾಥ್ ಒಪ್ಪಲೊಲ್ಲ. ಹಸಿ ಬಾಣಂತಿಯನ್ನು ಬಯಲಲ್ಲಿ ಬೇಯಿಸಲೇ ಎಂದು ಕೇಳಿದನಂತೆ. ಸ್ನೇಹಿತನ ಮುಖ ಮುರಿಯಲು ಪ್ರವೀಣನಿಗೂ ಆಗಲಿಲ್ಲ.

“ಕೊಟ್ರೇಶಣ್ಣ, ಗಾಡಿ ಸುತ್ತ ಒಂದು ಶಾಮಿಯಾನ ಕಟ್ಟಿಬಿಡು. ಡೇರೆ ಅಂದ್ರೆ ಡೇರೆ. ಒಳಗೆ ಏನೈತೆ ಅಂತ ಯಾರು ನೋಡ್ತಾರೆ?” ಅಂದ.

ನನಗೆ ನಗು ಬಂತು. ನಿಜ ಹೇಳಬೇಕೆಂದರೆ ಖುಷಿಯೂ ಆಯಿತು. ಇಂಥ ಕೆಲಸ ಜಿಲ್ಲೆಯಲ್ಲಿ ಬೇರೆ ಯಾರೂ ಮಾಡಿರಲಾರರು ಅನ್ನಿಸಿತು. ಒಂಬತ್ತರ ಹೊತ್ತಿಗೆ ಸಾಮಾನಿನ ಗಾಡಿ, ಆಳು ತಿಮ್ಮೇಶ್, ನಾನು ಹೊಳೆದಂಡೆಯಲ್ಲಿದ್ದೆವು.

ಚೆನ್ನಾಗಿ ಕಟ್ಟಿದೆ. ಮೇಲಕ್ಕೆ ಹಳದಿ ಬಟ್ಟೆ, ನಾಲ್ಕೂ ಕಡೆ ಪರದೆ. ತೆಳು ಪರದೆಯಲ್ಲಿ ಗಾಡಿಯ ಬಿಳಿ ಮೈ ಕಾಣುತ್ತಿತ್ತು, ಅದಕ್ಕೆ ಮಳೆಗಾಲದ ದಪ್ಪ ಟಾರ್ಪಾಲನ್ನೇ ಇಳಿಬಿಟ್ಟೆ. ಹೊಳೆ ಗಾಳಿಗೆ ಅದರ ಅಂಚು ಏಳುತ್ತಿತ್ತು, ಎದ್ದಾಗಲೆಲ್ಲ ಟೈರು ಕಾಣುತ್ತಿತ್ತು. ಪ್ರವೀಣ್ ಗೇಟಿನ ಹತ್ತಿರ ನಿಂತು, ಅಧಿಕಾರಿಗಳು ನೋಡುವ ಹಾಗೇ ನೋಡಿ, ಚಕ್ರ ಕಾಣಬಾರದು, ಚಕ್ರ ಕಾಣಬಾರದು ಎಂದು ಕೂಗುತ್ತಿದ್ದ. ಚೀಲಗಳಿಗೆ ಮರಳು ತುಂಬಿಸಿ ಸುತ್ತಲೂ ಅಂಚಿನ ಮೇಲೆ ಒತ್ತೊತ್ತಾಗಿ ಹೇರಿಸಿದೆ. ಆಮೇಲೆ ಇಲಿ ನುಗ್ಗಲೂ ಜಾಗ ಉಳಿಯಲಿಲ್ಲ.

ಚೀಲ ಹೇರುವಾಗ ಬಗ್ಗಿದ್ದೆನಲ್ಲ, ಗಾಡಿಯ ಹೊಟ್ಟೆಯ ಕೆಳಗೆ ಒಂದು ಕಬ್ಬಿಣದ ಪೆಟ್ಟಿಗೆ, ಅದರಿಂದ ಹೊರಟ ಒಂದು ಕೊಳವೆ ನನ್ನ ಕಣ್ಣಿಗೆ ಬಿದ್ದಿತ್ತು. ಜನರೇಟರ್ ಅಂದರೆ ನನಗೆ ಹೊಸದೇ? ಪ್ರತಿ ಮದುವೆಯಲ್ಲೂ ಅದನ್ನು ಪೆಂಡಾಲಿನಿಂದ ನೂರು ಹೆಜ್ಜೆ ಆಚೆ ಇಡಿಸುವವನು ನಾನೇ. ಅದರ ಹೊಗೆ ಮುಚ್ಚಿದ ಕಡೆ ನಿಂತರೆ ಮನುಷ್ಯ ನಿದ್ದೆಯಲ್ಲೇ ಹೋಗುತ್ತಾನೆ ಅನ್ನುವುದು ಈ ಕೆಲಸದವರಿಗೆಲ್ಲ ಗೊತ್ತು. ರಂಗನಾಥನನ್ನು ಕೇಳಿದೆ. ಫ್ಯಾನು, ದೀಪ ಎಲ್ಲ ಬ್ಯಾಟರಿಯಲ್ಲಿ ನಡೆಯುತ್ತವೆ ಅಂದ. ಅವನು ಹೇಳಿದ್ದು ಸುಳ್ಳಲ್ಲ. ಜನರೇಟರ್ ಬೇಕಾಗುವುದು ಏಸಿಗೆ. ಅದರ ವಿಷಯ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಆದರೂ ನನ್ನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಹೊಳೆ ಕಡೆಗೆ, ಗೇಟಿನಿಂದ ಕಾಣದ ಮೂಲೆಯಲ್ಲಿ, ಒಬ್ಬ ಮನುಷ್ಯ ನುಗ್ಗುವಷ್ಟು ಸಂದು ಬಿಟ್ಟೆ. ಅಷ್ಟರಲ್ಲಿ ಕಸ್ತೂರಮ್ಮ ಗಾಡಿಯಿಂದ ಇಳಿದರು. ಎಂಥ ಅಚ್ಚುಕಟ್ಟು ಹೆಂಗಸು ಅಂದರೆ, ಆ ಸೆಕೆಯಲ್ಲೂ ತುಂಬು ತೋಳಿನ ರವಿಕೆ, ತಲೆ ಮೇಲೆ ಸೆರಗು. ಮಗಳ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಸುತ್ತಿ ಕೂರಿಸಿ ಬಂದಿದ್ದರು. ಆ ಸಂದನ್ನು ನೋಡಿದವರೇ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು.

“ಅದೊಂದನ್ನ ಮುಚ್ಚಿಬಿಡ್ರಣ್ಣ. ಹೊಳೆ ಗಾಳಿ ನೆಟ್ಟಗೆ ಅಲ್ಲಿಂದಲೇ ಬರ್ತೈತೆ. ಬಾಣಂತಿಗೆ ತಾಗಬಾರ್ದು.”

ನನ್ನ ಹೆಂಡತಿ ಶಾಂತಲಾ ಎರಡು ಹೆತ್ತಾಗ ನಮ್ಮವ್ವನೂ ಕಿಟಕಿಗೆ ಗೋಣಿತಾಟು ಬಡಿದಿದ್ದಳು. ಹಾಗಾಗಿ ಆ ಮಾತು ನನಗೆ ವಿಚಿತ್ರ ಅನ್ನಿಸಲಿಲ್ಲ. ಬೇಡ ತಾಯಿ, ಸ್ವಲ್ಪ ಗಾಳಿ ಆಡಲಿ ಎಂದು ಹೇಳಬಹುದಿತ್ತು. ಹಿರಿಯ ಹೆಂಗಸಿಗೆ ಎದುರು ಮಾತು ಯಾಕೆ ಅಂದುಕೊಂಡೆ. ಜೊತೆಗೆ, ನಾಲ್ಕೂ ಕಡೆ ಮುಚ್ಚಿದರೆ ನೋಡಲೂ ಲಕ್ಷಣವಾಗಿರುತ್ತದೆ ಅನ್ನಿಸಿತು. ಇದನ್ನು ಒಪ್ಪಿಕೊಳ್ಳಲು ನಾಚಿಕೆ, ಆದರೂ ಅನ್ನಿಸಿದ್ದು ಹೌದು. ಸಂದು ಮುಚ್ಚಿ, ಎರಡು ಚೀಲ ಹೇರಿ, ಓಡಾಡಲು ಮುಂದೆ ಪರದೆ ಸರಿಸುವಂಥ ಒಂದು ಬಾಗಿಲು ಬಿಟ್ಟು, ಅದನ್ನೂ ಹಗ್ಗದ ಕುಣಿಕೆಯಿಂದ ಬಿಗಿದೆ. ತಿಮ್ಮೇಶನನ್ನು ಚನ್ನಗಿರಿಯ ಮದುವೆ ಮನೆಗೆ ಸಾಮಾನಿನ ಜೊತೆ ಕಳಿಸಿ, ನಾನು ಬೈಕ್ ಹತ್ತಿ ಹೊನ್ನಾಳಿಗೆ ಬಂದೆ. ಅಲ್ಲಿ ಇನ್ನೊಂದು ಮನೆಯ ಅಳತೆ ನೋಡುವುದಿತ್ತು.

ಮಧ್ಯಾಹ್ನ ಎರಡೂವರೆಗೆ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಿದ್ದೆ. ಪ್ರವೀಣನ ಫೋನ್ ಬಂತು. ಕಚೇರಿಯವರು ಬಂದು ನೋಡಿ ಹೋದರಂತೆ, ದೊಡ್ಡ ಡೇರೆ, ಚೆನ್ನಾಗಿದೆ ಎಂದು ಹೊಗಳಿದರಂತೆ. ಅವರನ್ನು ಊಟಕ್ಕೆ ಕರೆದುಕೊಂಡು ಹೊರಟಿದ್ದನಂತೆ, ಪೂಜೆ ಸಾಮಾನು ತರಲೆಂದು ರಂಗನಾಥನೂ ಕಾರಿನಲ್ಲಿದ್ದ. ಅಧಿಕಾರಿಗಳಿಗೆ ಕೇಳದ ಹಾಗೆ ದಾರಿಯಲ್ಲಿ ಕಾರು ನಿಲ್ಲಿಸಿ ಈಚೆ ಬಂದು ಮಾತಾಡುತ್ತಿದ್ದ ಪ್ರವೀಣನ ದನಿಯಲ್ಲಿ ನಗು ತುಳುಕುತ್ತಿತ್ತು.

“ಒಳಗೆ ಜನರೇಟರ್ ಓಡ್ತಿದ್ರೂ ಗೇಟಿಗೆ ಸದ್ದೇ ಕೇಳ್ಲಿಲ್ಲ ನೋಡಣ್ಣ. ಹಂಗೆ ಕಟ್ಟಿದೀಯ,” ಅಂದ. ಇಟ್ಟುಬಿಟ್ಟ.

ಹೊಗಳಿಕೆಗೆ ಹಿಗ್ಗಿ ನಾನು ಇನ್ನೊಂದು ತುತ್ತು ಬಾಯಿಗಿಟ್ಟೆ. ಅಗಿಯುತ್ತಿದ್ದಾಗ ಆ ಮಾತು ತಲೆಗೆ ಹೋಯಿತು. ಟಾರ್ಪಾಲಿನೊಳಗೆ ಸೆಕೆ ತಡೆಯದೆ ಏಸಿ ಹಾಕಿದ್ದಾರೆ. ಪೆಟ್ಟಿಗೆ, ಕೊಳವೆ, ಟಾರ್ಪಾಲು, ಮರಳಿನ ಚೀಲ, ಕೊನೆಗೆ ಆ ಸಂದು, ಒಂದೊಂದಾಗಿ ಕಣ್ಣ ಮುಂದೆ ಬಂದವು. ಬಾಯಲ್ಲಿದ್ದದ್ದನ್ನು ತಟ್ಟೆಗೆ ಉಗಿದೆ.

ಪ್ರವೀಣನಿಗೆ ಫೋನ್ ಮಾಡಿದೆ. ಕತ್ತರಿಸಿದ. ಮತ್ತೆ ಮಾಡಿದೆ, ಮತ್ತೆ ಕತ್ತರಿಸಿದ. ಈಗ ಮತ್ತೆ ಅಧಿಕಾರಿಗಳ ಪಕ್ಕ ಕೂತಿದ್ದನಲ್ಲ, ಹೆಂಗೆ ಎತ್ತುತ್ತಾನೆ. ರಂಗನಾಥನ ನಂಬರ್ ನನ್ನಲ್ಲಿ ಇರಲಿಲ್ಲ, ಹೆಂಗಸರದ್ದು ಮೊದಲೇ ಇಲ್ಲ. ಕ್ಯಾಂಪಿನಲ್ಲಿ ಅಡುಗೆ ಮಾಡುವ ಬೊಮ್ಮಕ್ಕ ಹನ್ನೆರಡಕ್ಕೇ ಮನೆಗೆ ಹೋಗುತ್ತಾಳೆ. ವಾರದ ಮಧ್ಯೆ ಬೇರೆ ಡೇರೆಯೂ ಇರಲಿಲ್ಲ. ಆಂಬುಲೆನ್ಸಿನ ನೂರೆಂಟಕ್ಕೆ ಜಾಗ ಹೇಳಿ, ಕೈ ತೊಳೆಯದೆ ಬೈಕ್ ಹತ್ತಿದೆ.

ಹೊನ್ನಾಳಿ ಸೇತುವೆಯ ಮೇಲೆ ಎದುರಿಂದ ಹುಲ್ಲಿನ ಟ್ರ್ಯಾಕ್ಟರ್. ಹುಲ್ಲು ಎರಡೂ ಕಡೆ ಚಾಚಿಕೊಂಡಿತ್ತು. ಅದರ ಹಿಂದೆ ಬಸ್ಸು. ಬದಿಯಲ್ಲಿ ನಿಂತು ಹಾರ್ನ್ ಒತ್ತಿದೆ, ಟ್ರ್ಯಾಕ್ಟರಿನವನು ನಿಧಾನ ಮಾಡಣ್ಣ ಎಂದು ಕೈ ಆಡಿಸಿದ. ಅವನಿಗೆ ನಾನು ಏನೆಂದು ಬೈದೆನೋ, ಈಗ ಬರೆಯುವಂತಿಲ್ಲ. ಸೇತುವೆ ದಾಟಿದ ಮೇಲೆ ಲೆಕ್ಕ ಹಾಕತೊಡಗಿದೆ. ಯಾವಾಗ ಹಾಕಿರಬಹುದು? ಕಚೇರಿಯವರು ಇದ್ದಾಗಲೇ ಓಡುತ್ತಿತ್ತು ಅಂದನಲ್ಲ. ಅಂದರೆ ಅರ್ಧ ಗಂಟೆ. ಮುಕ್ಕಾಲು ಗಂಟೆಯೂ ಇರಬಹುದು. ಊಟ ಮಾಡಿ ಮಲಗಿರುತ್ತಾರೆ. ದೊಡ್ಡವರಿಗಾದರೆ ತಲೆ ಸುತ್ತಿ ಎಚ್ಚರವಾದೀತು. ಕೂಸಿಗೆ? ಅದರ ಮುಖವನ್ನೂ ನಾನು ನೋಡಿರಲಿಲ್ಲ. ಬಟ್ಟೆ ಸುತ್ತಿದ ಗಂಟು ಮಾತ್ರ ನೋಡಿದ್ದೆ.

ಸುತ್ತಲೂ ಗದ್ದೆಗಳಲ್ಲಿ ಜನ ಅವರವರ ಪಾಡಿಗೆ ಇದ್ದರು. ಒಬ್ಬ ಪಂಪಿನ ನೀರಿಗೆ ತಲೆ ಒಡ್ಡಿ ಸ್ನಾನ ಮಾಡುತ್ತಿದ್ದ. ಲೋಕ ಇಷ್ಟು ನೆಮ್ಮದಿಯಾಗಿರುವುದನ್ನು ಕಂಡು ನನಗೆ ಸಿಟ್ಟು ಬಂತು. ರಂಗನಾಥನ ಮೇಲೆ, ಪ್ರವೀಣನ ಮೇಲೆ, ಆ ಮುದುಕಿಯ ಮೇಲೂ ಬಂತು. ಮುಚ್ಚು ಅಂದವರು ಅವರು, ನಾನಲ್ಲ ಅಂದುಕೊಂಡೆ. ಒಂದು ಮೈಲಿ ಹೀಗೇ ಅಂದುಕೊಂಡು ಬಂದೆ. ಆಮೇಲೆ ಆ ನೆಪವೂ ನಿಲ್ಲಲಿಲ್ಲ. ಅವರಿಗೆ ಬಾಣಂತನ ಗೊತ್ತಿತ್ತು, ಜನರೇಟರ್ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನು.

ಕ್ಯಾಂಪಿಗೆ ಬಂದಾಗ ಹಳದಿ ಬಟ್ಟೆ ಒಂದು ಸುಕ್ಕಿಲ್ಲದೆ ನಿಂತಿತ್ತು. ಒಳಗಿನಿಂದ ಗುಂಯ್ ಅನ್ನುವ ಸದ್ದು. ಕುಣಿಕೆ ಬಿಚ್ಚಲು ಹೋದೆ, ನಾನೇ ಬಿಗಿದ ಗಂಟು ನನಗೇ ಬರಲಿಲ್ಲ. ಹಗ್ಗ ಕೊಯ್ಯುವ ಚಾಕುವಿನಿಂದ ಟಾರ್ಪಾಲನ್ನು ಮೇಲಿಂದ ಕೆಳಗೆ ಸೀಳಿದೆ. ಒಳಗೆ ಹೊಗೆಯ ಕಾವು ಮುಖಕ್ಕೆ ಹೊಡೆಯಿತು. ಉಸಿರು ಬಿಗಿಹಿಡಿದು ನುಗ್ಗಿ ಜನರೇಟರ್ ಆರಿಸಿದೆ. ಹೊರಬಂದು ಹೊಳೆ ಕಡೆಯ ಪರದೆಯನ್ನೂ ಸೀಳಿದೆ. ಬಾಗಿಲು ಬಡಿದೆ. ತಾಯಿ, ಅಮ್ಮಾ, ಯಾರಾದರೂ ಎಂದು ಕೂಗಿದೆ. ಉತ್ತರ ಇಲ್ಲ. ಒಳಗಿನಿಂದ ಚಿಲಕ ಹಾಕಿತ್ತು. ಗೂಟ ಬಡಿಯುವ ಸುತ್ತಿಗೆ ಬೈಕಿನ ಪೆಟ್ಟಿಗೆಯಲ್ಲಿತ್ತು, ಅದರಿಂದ ಗಾಜು ಒಡೆದು, ಕೈ ಹಾಕಿ ತೆಗೆದೆ.

ಒಳಗೆ ತಣ್ಣಗಿತ್ತು. ದುರ್ಗಾಂಬಿಕಾ ಕಂಬಳಿ ಹೊದ್ದು ಮಲಗಿದ್ದರು, ಕೆನ್ನೆ ಕೆಂಪಾಗಿತ್ತು. ಕಸ್ತೂರಮ್ಮ ಮಂಚದ ಕಾಲಿಗೆ ಒರಗಿ ಕೂತಲ್ಲೇ ವಾಲಿದ್ದರು, ಸೆರಗಿನ ಮೇಲೆ ವಾಂತಿ. ಸೀರೆಯ ಜೋಲಿಯಲ್ಲಿ ಕೂಸು. ಮೊದಲು ಅದನ್ನು ಎತ್ತಿಕೊಂಡೆ. ಕತ್ತು ನಿಲ್ಲಲಿಲ್ಲ. ಮೂರು ತಿಂಗಳ ಮಗುವಿನ ಕತ್ತು ಹೇಗೂ ಸರಿಯಾಗಿ ನಿಲ್ಲುವುದಿಲ್ಲ ಅನ್ನುವುದು ಆಗ ನನಗೆ ಹೊಳೆಯಲೇ ಇಲ್ಲ. ಓಡಿ ಹೋಗಿ ಮತ್ತಿ ಮರದ ನೆರಳಲ್ಲಿ ನನ್ನ ಟವೆಲ್ ಹಾಸಿ ಮಲಗಿಸಿದೆ. ಅಂಗಾಲು ತಟ್ಟಿದೆ. ಏನೂ ಇಲ್ಲ. ಇನ್ನೂ ಇಬ್ಬರು ಒಳಗಿದ್ದಾರೆ. ಕೂಸನ್ನು ಬಿಟ್ಟು ಹೋಗಲೋ, ಕೂತಿರಲೋ? ಅಷ್ಟು ಕಷ್ಟದ ಹೆಜ್ಜೆಯನ್ನು ನಾನು ಜನ್ಮದಲ್ಲಿ ಇಟ್ಟಿಲ್ಲ. ಒಳಕ್ಕೆ ಹೋದೆ.

ದುರ್ಗಾಂಬಿಕಾರನ್ನು ಕಂಬಳಿ ಸಮೇತ ಬಾಗಿಲವರೆಗೆ ಎಳೆದಿದ್ದೆ, ಆಗ ಹೊರಗೆ ಕೂಸು ಅತ್ತಿತು. ಮೊದಲು ಕೆಮ್ಮಿದ ಹಾಗೆ, ಆಮೇಲೆ ಗಂಟಲು ಬಿಚ್ಚಿ. ನಾನೂ ಅಳುತ್ತಲೇ ಇಬ್ಬರನ್ನೂ ಹೊರಗೆ ತಂದೆ. ಆಂಬುಲೆನ್ಸ್ ಬಂದಾಗ ಕಸ್ತೂರಮ್ಮ ಕಣ್ಣು ಬಿಟ್ಟಿದ್ದರು.

ಸಂಜೆ ಆರಕ್ಕೆ ಹೊನ್ನಾಳಿ ಆಸ್ಪತ್ರೆಯಲ್ಲಿ ಮೂವರಿಗೂ ಅಪಾಯವಿಲ್ಲ ಅಂದರು. ಇನ್ನು ಇಪ್ಪತ್ತು ನಿಮಿಷ ಕಳೆದಿದ್ದರೆ ಎಂದು ಡಾಕ್ಟರು ಮಾತು ಅಲ್ಲಿಗೇ ನಿಲ್ಲಿಸಿದರು. ಪ್ರವೀಣ್ ಮತ್ತು ರಂಗನಾಥ್ ಕೆಳಗೆ ಔಷಧಿ ಅಂಗಡಿಯ ಮುಂದೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಾ ನಿಂತಿದ್ದರು. ನಾನು ವಾರ್ಡಿನ ಹೊರಗೆ ಬೆಂಚಿನ ಮೇಲಿದ್ದೆ. ಕಸ್ತೂರಮ್ಮ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು.

“ಅಣ್ಣಾರೆ, ಆ ಸಂದು ಮುಚ್ಚಿಸಿದಾಕಿ ನಾನು ಅಂತ ನನ್ನ ಮಗಳಿಗೆ ಗೊತ್ತಾಗೋದು ಬ್ಯಾಡ. ಆಮೇಲೆ ಅವಳು ಕೂಸನ್ನ ನನ್ನ ಕೈಗೆ ಕೊಡಂಗಿಲ್ಲ,” ಅಂದರು.

ಆಗಲಿ ಎಂದು ತಲೆಯಾಡಿಸಿದೆ. ದುರ್ಗಾಂಬಿಕಾ ಒಳಗಿನಿಂದ ಕರೆಸಿದರು. ಮೂಗಿಗೆ ಆಕ್ಸಿಜನ್ ಕೊಳವೆ, ಪಕ್ಕದಲ್ಲಿ ಕೂಸು. ನನ್ನ ಕಾಲಿಗೆ ಬೀಳುವ ಹಾಗೆ ಮಾಡಿದರು, ತಡೆದೆ. ಅಷ್ಟೂ ಕಡೆ ಹಾಗೆ ಬಿಗಿಯಾಗಿ ಮುಚ್ಚಿದವರು ಯಾರು ಎಂದು ಕೇಳಿದರು. ಕಸ್ತೂರಮ್ಮ ಬಾಗಿಲಲ್ಲಿ ನಿಂತಿದ್ದರು.

“ನಾನೇ ತಾಯಿ. ಜನರೇಟರ್ ಇರೋದು ಕಂಡಿದ್ದೆ, ಆದ್ರೂ ಮುಚ್ಚಿದೆ. ನಿಮ್ಮವ್ವ ಒಂದು ಸಂದು ಬಿಡ್ರಿ ಅಂದ್ರು. ನಾನು ಕೇಳಲಿಲ್ಲ,” ಅಂದೆ.

ದುರ್ಗಾಂಬಿಕಾ ಕೂಸನ್ನು ನನ್ನ ಕಡೆಯಿಂದ ಆಚೆಗೆ ಎಳೆದುಕೊಂಡರು. ಬಾಗಿಲಲ್ಲಿ ಕಸ್ತೂರಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅಳತೊಡಗಿದರು. ಮಗಳು ಕೈ ಚಾಚಿ ಅವರನ್ನು ಹತ್ತಿರ ಕರೆದು, ಕೂಸನ್ನು ಎತ್ತಿ ಅವರ ಮಡಿಲಿಗೆ ಇಟ್ಟರು.

“ಅಳಬ್ಯಾಡವ್ವ. ನೀನು ಹೇಳಿದ್ಯಲ್ಲ, ಅವರೇ ಕೇಳಲಿಲ್ಲ,” ಅಂದರು.

ಕಸ್ತೂರಮ್ಮನ ಅಳು ಇನ್ನೂ ಜೋರಾಯಿತು.