ಬಸವನಹುಳುವಿನ ಪದರದ ಮೇಲೆ

ಮೂರು ವರ್ಷ ನಾನು ಜೀಜ್ ಹೊಳೆಯ ದಂಡೆಯಲ್ಲಿ ಕಲ್ಲು ತಡಕಿದ್ದೇನೆ. ತೂದಾಳಿಗೆ ತಲೆ ಕೆಟ್ಟಿದೆ ಅಂದರು ಊರವರು. ಅನ್ನಲಿ. ಗಂಡ ಸತ್ತವಳ ತಲೆ ನೆಟ್ಟಗಿದ್ದರೆ ಅದಕ್ಕೂ ಒಂದು ಮಾತಾಡುತ್ತಾರೆ.

ನನ್ನ ಗಂಡ ಜಾಯ್ದ್ ಹೊರಗಿನಿಂದ ಬಂದವರಿಗೆ ದಂಡೆಯ ಬಂಡೆ ಓದಿ ಹೇಳುತ್ತಿದ್ದ. ಯಾವ ಪದರ ಹಳೆಯ ಸಮುದ್ರದ ಕೆಸರು, ಯಾವುದು ಮರಳು, ಯಾವುದರಲ್ಲಿ ಬಸವನಹುಳುಗಳು ಕಲ್ಲಾಗಿ ಕೂತಿವೆ, ಎಲ್ಲ ಬಾಯಿಪಾಠ. ತಾನು ಏನೇ ಕಟ್ಟಲಿ, ಅದರ ಅಡಿಯಲ್ಲಿ ಅಂಥದೊಂದು ಸುರುಳಿಕಲ್ಲು ಕೂರಿಸದೆ ಬಿಡುತ್ತಿರಲಿಲ್ಲ. ನಮ್ಮ ಮನೆ ಹೊಸ್ತಿಲಿಗೂ ಇದೆ. ನಾನು ಮಾತ್ರ ಅವನ ಜೊತೆ ಒಂದು ದಿನವೂ ದಂಡೆಗೆ ನಡೆದವಳಲ್ಲ.

"ಕಲ್ಲನ್ನೇ ಕಟ್ಕೋಬೇಕಿತ್ತು ನೀನು," ಅನ್ನುತ್ತಿದ್ದೆ.

"ಅದು ಬಯ್ಯಲ್ಲ ಕಣೇ. ಬೇಜಾರಾಗತ್ತೆ," ಅನ್ನುತ್ತಿದ್ದ.

ಅವನ ಕೊನೆಯ ಚಳಿಗಾಲ ನಾನು ಮಿದೆಲ್ತ್‌ಗೆ ತಂಗಿಯ ಬಾಣಂತನಕ್ಕೆ ಹೋಗಿದ್ದೆ. ಸುದ್ದಿ ಸಿಕ್ಕಿ ಓಡಿ ಬರುವಷ್ಟರಲ್ಲಿ ಜ್ವರ ಅವನನ್ನು ಮುಗಿಸುತ್ತ ಬಂದಿತ್ತು. ಕೈ ಹಿಡಿದು, "ತೂದಾ, ನಿಂಗೇ ಅಂತ ಒಂದು ಮಾಡಿಟ್ಟಿದೀನಿ. ಹುಳುವಿನ ಪದರದ ಅಫೆಲ್ಲಾ," ಅಂದ. ಅದೇ ಕೊನೆಯ ಮಾತು. ಅದನ್ನು ಯಾರಿಗೂ ಹೇಳಲಿಲ್ಲ; ನನಗೆ ಅಂತ ಉಳಿದದ್ದು ಅದೊಂದೇ.

ಅಫೆಲ್ಲಾ ಅಂದರೆ ಮೇಲೆ. ನಮ್ಮಲ್ಲಿ ಹೊಳೆ ಬರುವ ದಿಕ್ಕಿಗೂ ಅದೇ ಮಾತು. ಮೇಲಿನೂರು, ಮೇಲಿನ ತೋಟ, ಎಲ್ಲ ನೀರು ಬರುವ ಕಡೆಯವೇ. ಹಾಗಾಗಿ ಹುಳುವಿನ ಪದರದಿಂದ ನೀರಿಗೆ ಎದುರಾಗಿ ಹೋಗಿ ಒಂದೊಂದು ಸಂದಿಗೂ ಕೈ ಹಾಕಿದೆ. ಚೇಳು ಸಿಕ್ಕಿತು, ಗಂಡ ಇಟ್ಟದ್ದು ಸಿಗಲಿಲ್ಲ. ಕೊನೆಗೆ, ಅದೆಲ್ಲ ಜ್ವರದ ಬಡಬಡಿಕೆ, ಅವನು ಏನೂ ಮಾಡಿಟ್ಟಿಲ್ಲ ಅನ್ನಿಸಿತು. ಹಾಗನ್ನಿಸಿದ ದಿನ ನಾನು ಅವನು ಸತ್ತ ದಿನಕ್ಕಿಂತ ಹೆಚ್ಚು ಒಂಟಿಯಾದೆ.

ಸುಸ್ತಾದಾಗ ಬಟ್ಟೆ ಒಗೆಯುವ ಜಾಗದ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದೆ. ಮನೆಮನೆಗೆ ನಲ್ಲಿ ಬಂದ ಮೇಲೆ ಅಲ್ಲಿಗೆ ಹೋಗುವವಳು ನಾನೊಬ್ಬಳೇ. ಬೆಂಚು ನಾನು ತಂಗಿಯ ಮನೆಯಲ್ಲಿದ್ದಾಗ ಬಂದದ್ದು. ಊರಿನ ಸಂಘದವರು ಹಾಕಿಸಿರಬೇಕು ಅಂದುಕೊಂಡಿದ್ದೆ. ಒಬ್ಬಳು ಕೂರುವ ಜಾಗಕ್ಕೆ ಇಷ್ಟುದ್ದ ಯಾಕೆ ಎಂದು ಬೈದದ್ದೂ ಉಂಟು.

ಈ ವಸಂತದಲ್ಲಿ ಮೆಕ್ನೆಸ್‌ನಿಂದ ವಿದಾದ್ ಮೇಡಂ ತಮ್ಮ ವಿದ್ಯಾರ್ಥಿಗಳನ್ನು ಬಂಡೆ ತೋರಿಸಲು ಕರೆತಂದರು. ನಾನು ಚಹಾ, ರೊಟ್ಟಿ ಹೊತ್ತು ದಂಡೆಗೆ ಹೋದೆ.

"ಹುಳುವಿನ ಪದರದ ಮೇಲಿನದು ಯಾವುದು?" ಮೇಡಂ ಕೇಳಿದರು.

ಒಬ್ಬ ಹುಡುಗಿ ನೀರು ಬರುವ ಕಡೆ ಬೆರಳು ತೋರಿಸಿದಳು. ನಾನೂ ಮನಸ್ಸಿನಲ್ಲೇ ಹೌದು ಅಂದೆ.

"ಈ ಕಣಿವೆಯವಳೇ ಅಲ್ವಾ ನೀನು?" ಮೇಡಂ ನಕ್ಕರು. "ಇಲ್ಲಿಯವರೆಲ್ಲ ಎಡವೋದು ಅಲ್ಲೇ." ನನ್ನ ರೊಟ್ಟಿಯ ತಟ್ಟೆ ಎತ್ತಿಕೊಂಡರು. "ಲಲ್ಲಾ ತೂದಾ, ಇದರಲ್ಲಿ ಕೊನೇಲಿ ಬೆಂದದ್ದು ಯಾವುದು?"

"ಮೇಲಿಂದು. ಕೊನೇದು ತಳಕ್ಕೆ ಹೋಗತ್ತಾ?"

ಅವರು ತಟ್ಟೆಯನ್ನು ಹೊಳೆ ಹರಿದು ಹೋಗುವ ಕಡೆಗೆ ವಾಲಿಸಿ ಹಿಡಿದರು. ರೊಟ್ಟಿಗಳು ಎದುರಿನ ಬಂಡೆಯ ಹಾಗೇ ಓರೆಯಾದವು. "ಈಗ ಅದು ಯಾವ ಕಡೆ ಇದೆ?"

"ಕೆಳಗಡೆ," ಅಂದೆ. "ನೀರು ಹೋಗೋ ಕಡೆ."

"ಅಷ್ಟೇ. ಕಲ್ಲು ಓದೋರಿಗೆ ಮೇಲೆ ಅಂದ್ರೆ ಆಮೇಲೆ ಬಂದದ್ದು."

ಚಹಾದ ಕೆಟಲ್ ಅಲ್ಲೇ ಕುಕ್ಕಿ ಎದ್ದೆ.

"ಲಲ್ಲಾ, ಚಹಾ?"

"ಕೈಯಿದೆಯಲ್ಲ, ಬಗ್ಗಿಸ್ಕೊಳ್ಳಿ!"

ಹುಳುವಿನ ಪದರದಿಂದ ನೀರಿನ ಜೊತೆಗೇ ಇಳಿದೆ. ಅದರ ಮುಂದಿನ ಬೂದು ಪದರ ಹೊಳೆಯನ್ನು ಮುಟ್ಟುವಲ್ಲೇ ನನ್ನ ಬಟ್ಟೆ ಒಗೆಯುವ ಜಾಗ. ಅಲ್ಲಿ ಬೆಂಚು. ಮಂಡಿಯೂರಿ ಅದರ ಅಡಿಗೆ ಕೈ ಹಾಕಿದೆ. ಬೆರಳಿಗೆ ಸುರುಳಿ ಸಿಕ್ಕಿತು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಳಂತೆ, ಹಾಗಾಯಿತು ನನ್ನ ಕಥೆ. "ಏ ಜಾಯ್ದ್," ಎಂದು ಗಟ್ಟಿಯಾಗಿಯೇ ಬೈದೆ, "ಸಾಯೋವಾಗಲಾದ್ರೂ ಹೆಂಡತಿ ಹತ್ರ ಕಲ್ಲಿನ ಮಾತು ಬಿಟ್ಟು ಮನೆಮಾತು ಆಡಬಾರದಿತ್ತಾ?" ಆಮೇಲೆ ಸಾಕೆನಿಸುವಷ್ಟು ಅತ್ತೆ.

ಮೂರು ವರ್ಷ ಆ ಬೆಂಚಿನ ನಟ್ಟನಡುವೆ ಕೂತಿದ್ದೆ. ಅವತ್ತು ಒಂದು ಬದಿಗೆ ಸರಿದು ಕೂತೆ.